ಗುರುವಾರದ ಹಿಡಿ ಅಕ್ಕಿ

ಯಜಮಾನರು ನೌಕಾಪಡೆಯಲ್ಲಿದ್ದುದರಿಂದ ದಾವಣಗೆರೆ ಬಿಟ್ಟು ವಿಶಾಖಪಟ್ಟಣಕ್ಕೆ ಬಂದವಳು ನಾನು. ಎಲ್ಲಿಗೆ ಹೋದರೂ ನಾಲ್ಕು ಜನರ ಕೆಲಸ ತಿದ್ದದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ. ಪಕ್ಕದ ಮನೆಯ ಅಕ್ಕ ತಮ್ಮ ಚರ್ಚಿಗೆ ಕರೆದಾಗಲೂ ಹಾಗೇ ಆಯಿತು. ಅಲ್ಲಿ ಪ್ರತಿ ಗುರುವಾರ ಆಸ್ಪತ್ರೆಯ ರೋಗಿಗಳ ಕಡೆಯವರಿಗೆ ಊಟ. ನಮ್ಮ ದೇವರು ಬೇರೆಯಾದರೇನು, ಸೌಟು ಹಿಡಿಯುವುದಕ್ಕೇನಡ್ಡಿ ಎಂದು ಹೋದೆ.

ಅಲ್ಲಿ ಅಡುಗೆಗೆ ಸೇರುವ ಹೆಂಗಸರದೊಂದು ಪದ್ಧತಿ. ದಿನಾ ಅನ್ನಕ್ಕಿಡುವಾಗ ಒಂದು ಹಿಡಿ ಅಕ್ಕಿ ಬೇರೆ ತೆಗೆದಿಟ್ಟು, ಗುರುವಾರ ತಂದು ಚರ್ಚಿನ ಡಬ್ಬಕ್ಕೆ ಸುರಿಯುವುದು. ಸೋನಾ ಮಸೂರಿ, ರೇಷನ್ ಅಕ್ಕಿ, ಹೊಸದು, ಹಳೆಯದು ಎಲ್ಲ ಒಂದೇ ಪಾತ್ರೆಗೆ. ಅರ್ಧ ಮುದ್ದೆಯಾದರೂ ಇನ್ನರ್ಧಕ್ಕೆ ಬೇಯುವ ಯೋಚನೆಯೇ ಇರುತ್ತಿರಲಿಲ್ಲ. ನನಗೋ ಮೈ ಉರಿಯುತ್ತಿತ್ತು. ಒಂದು ಗುರುವಾರ ನಾನೇ ಒಂದು ಮೂಟೆ ಸೋನಾ ಮಸೂರಿ ತರಿಸಿ, ಇವತ್ತು ಡಬ್ಬ ಹೊರಗಿಡುವುದೇ ಬೇಡ ಅಂದೆ. ಅಕ್ಕ ಏನೋ ಹೇಳಲು ಬಂದರು, ನಾನು ಕೇಳಿಸಿಕೊಳ್ಳಲಿಲ್ಲ.

ಭೀಮುನಿಪಟ್ಟಣದಿಂದ ಒಣಮೀನು ಮಾರಲು ಬರುತ್ತಿದ್ದ ಅಜ್ಜಿಯೊಬ್ಬರಿದ್ದರು. ಗಂಡ ಆಸ್ಪತ್ರೆಯಲ್ಲಿದ್ದಷ್ಟು ದಿನ ಇದೇ ಪಂಕ್ತಿಯಲ್ಲಿ ಉಂಡವರು. ಅವನು ತೀರಿಕೊಂಡ ಮೇಲೆ, ಒಂದು ಗುರುವಾರವೂ ತಪ್ಪದೆ ಸೆರಗಿನ ಗಂಟಿನಲ್ಲಿ ಅಕ್ಕಿ ತಂದು ಸುರಿದು, ನಮ್ಮ ಜೊತೆ ಬಡಿಸುತ್ತಿದ್ದರು. ಅವತ್ತೂ ಬಂದು ಗಂಟಿಗೆ ಕೈ ಹಾಕಿದರು. ಬೇಕಾದಷ್ಟಿದೆ ಅಜ್ಜಿ, ಮನೆಗೇ ಒಯ್ಯಿರಿ ಅಂದೆ. ಉಪಕಾರ ಮಾಡಿದೆ ಅಂದುಕೊಂಡಿದ್ದೆ.

ಅನ್ನ ಮಲ್ಲಿಗೆಯ ಹಾಗೆ ಅರಳಿತ್ತು. ಹೆಮ್ಮೆಯಿಂದ ಬಡಿಸುತ್ತ ಹೋದರೆ, ಪಂಕ್ತಿಯ ಕೊನೆಯಲ್ಲಿ ತಟ್ಟೆ ಇಟ್ಟುಕೊಂಡು ಅಜ್ಜಿಯೇ ಕೂತಿದ್ದಾರೆ. ಗಂಟು ಬಿಚ್ಚಿರಲಿಲ್ಲ. ಇಲ್ಲೇಕೆ ಕೂತಿರಿ ಎಂದು ಕೇಳಿದೆ.

"ಹಿಡಿ ಅಕ್ಕಿ ಹಾಕಿದ ದಿನ ನಾನು ಬಡಿಸುವವಳಮ್ಮ. ಹಾಕದ ದಿನ ಉಣ್ಣುವವಳೇ ಅಲ್ಲವಾ?"

ಕೋಪದಿಂದ ಅಂದ ಮಾತಲ್ಲ, ಅದಕ್ಕೇ ನನಗೆ ಇನ್ನಷ್ಟು ನಾಚಿಕೆಯಾಯಿತು. ಸೌಟು ಕೆಳಗಿಟ್ಟು, ಒಳಗಿನಿಂದ ಡಬ್ಬ ತಂದು ಅವರ ಮುಂದೆ ಹಿಡಿದೆ. ಅವರು ಸುರಿಯಲಿಲ್ಲ. ಖಾಲಿ ಡಬ್ಬದೊಳಗೆ ಇಣುಕಿ ನೋಡಿದರು.

"ನಿನ್ನದೆಲ್ಲಿ?"

ಇಷ್ಟು ತಿಂಗಳಿಂದ ಆ ಡಬ್ಬದ ಅಕ್ಕಿಯಲ್ಲಿ ಹುಳುಕು ಹುಡುಕಿದವಳು ನಾನು, ಒಂದು ದಿನವೂ ಹಿಡಿ ಹಾಕಿದವಳಲ್ಲ. ಹೋಗಿ ಮೂಟೆಯಲ್ಲಿ ಉಳಿದಿದ್ದರಿಂದ ಒಂದು ಹಿಡಿ ತಂದು ಹಾಕಿದೆ. ಅದರ ಮೇಲೆ ಅಜ್ಜಿ ತಮ್ಮದನ್ನು ಸುರಿದರು. ಆಮೇಲೆ ತಮ್ಮ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಸೌಟು ತಗೊಂಡು ಎದ್ದರು.