ಗುಡಿಕಟ್ಟೆಯ ಭತ್ತ

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ನಾನು ಬೆಳಗಾವಿಯ ಮಹಾಂತೇಶ ನಗರದಲ್ಲಿದ್ದೆ. ಅಕ್ಕನನ್ನು ಹಲಸಿಯ ಹತ್ತಿರದ ಹಳ್ಳಿಗೆ ಕೊಟ್ಟಿದ್ದೆವು. ಆ ವರ್ಷ ಅಲ್ಲಿ ಬಹಳ ಮಂದಿ ಪೇಟೆಯಿಂದ ಕಂಪನಿಯ ಭತ್ತದ ಬೀಜ ತಂದು ಬಿತ್ತಿದ್ದರು. ಮಳೆ ಚೆನ್ನಾಗಿ ಹಿಡಿದರೂ ಅದು ಮೊಳೆಯಲೇ ಇಲ್ಲ. ಸುದ್ದಿ ಕೇಳಿ ನಾನು ಹೋದಾಗ ಅಕ್ಕ ಮನೆಮನೆಗೆ ಹೋಗಿ ಹೆಂಗಸರನ್ನು ಕರೆಯುತ್ತಿದ್ದಳು.

ಸಂಜೆ ಅವರು ಗುಡಿಯ ಕಟ್ಟೆಗೆ ಬಂದು, ಮನೆಯಲ್ಲಿ ಕಾಪಿಟ್ಟಿದ್ದ ಹಳೆಯ ಭತ್ತವನ್ನು ಚಾಪೆಗಳ ಮೇಲೆ ಸುರಿದರು. ಒಂದು ರಾಶಿ ಕಪ್ಪಗೆ ಹೊಳೆಯುತ್ತಿತ್ತು, ಇನ್ನೊಂದು ಇಟ್ಟಿಗೆಯಂತೆ ಕೆಂಪಗಿತ್ತು. ಭತ್ತಕ್ಕೆ ಇಷ್ಟು ಬಣ್ಣಗಳಿವೆಯೆಂದು ನನಗೆ ಗೊತ್ತೇ ಇರಲಿಲ್ಲ.

"ಇಷ್ಟೆಲ್ಲಾ ಎಲ್ಲಿತ್ತಕ್ಕಾ?"

"ಮನಿಯಾಗ ಇತ್ತೋ ತಮ್ಮಾ. ಹಬ್ಬದ ಅಡಗಿಗಂತ ಎಲ್ಲಾರೂ ಒಂದೊಂದು ತುಕಡಿ ಗದ್ದ್ಯಾಗ ಬೆಳೀತಿದ್ವಿ."

ಬೀಜ ಕಳೆದುಕೊಂಡ ಮುದುಕರೊಬ್ಬರು ದೂರವೇ ನಿಂತಿದ್ದರು. "ಬರ್ರಿ ಕಾಕಾ, ಉಡಿ ಒಡ್ರಿ. ಸುಗ್ಗಿ ಆದಮ್ಯಾಲ ತಿರುಗಿ ಕೊಟ್ರಾತು," ಎಂದು ಅಕ್ಕ ಕರೆದಳು. ಅವರು ಧೋತರದ ಚುಂಗು ಒಡ್ಡಿದರು. ಅಕ್ಕ ಅದರ ತುಂಬ ಬಿತ್ತನೆಗೆಂದು ಕೆಂಪು ಭತ್ತ ಸುರಿದಳು.

ಸುಗ್ಗಿಯಲ್ಲಿ ಹೀಗೆ ಬೀಜ ಒಯ್ದವರೆಲ್ಲರೂ ಪಡೆದದ್ದಕ್ಕಿಂತ ಹೆಚ್ಚೇ ತಂದುಕೊಟ್ಟರು. ಗುಡಿಯ ಬಾಜೂ ಕೋಣೆ ಊರಿನ ಬೀಜದ ಮನೆಯಾಯಿತು. ಮುಂದಿನ ಮಳೆಗಾಲ ಬೀಜಕ್ಕಾಗಿ ಆ ಊರಿನಿಂದ ಯಾರೂ ಪೇಟೆಗೆ ಹೋಗಲಿಲ್ಲ.