ಊರು ಬಿಟ್ಟ ತಂಡ

ಗುಂಜಿ ಎಂಬ ಹಳ್ಳಿಯ ಕುರಿಗಾರರ ಮನೆಯ ಮಾಯಕ್ಕ ಎಲ್ಲ ಬಾಗಿಲಲ್ಲೂ ತಲೆ ಬಗ್ಗಿಸಿಯೇ ಬೆಳೆದವಳು. ಅಷ್ಟು ಎತ್ತರ. ಬೆಳಗಾವಿಯ ಕಾಲೇಜಿಗೆ ಬಂದ ಮೇಲೆ ಆ ಎತ್ತರಕ್ಕೊಂದು ಬೆಲೆ ಸಿಕ್ಕಿತು. ಬ್ಯಾಸ್ಕೆಟ್‌ಬಾಲ್ ಆಡಿದಳು. ಮೊಣಕಾಲು ಕೈಕೊಟ್ಟಾಗ, ರವಿವಾರ ಪೇಟೆಯ ವ್ಯಾಪಾರಿಗಳು ನಡೆಸುತ್ತಿದ್ದ ಕ್ಲಬ್ಬಿನಲ್ಲಿ ಹುಡುಗಿಯರಿಗೆ ಆಟ ಕಲಿಸತೊಡಗಿದಳು.

ಒಮ್ಮೆ ತರಬೇತಿ ಶಿಬಿರದಲ್ಲಿ ಕಲಿಸಲು ಬಂದಿದ್ದ ಅರ್ಜೆಂಟೀನಾದ ಮುದುಕನೊಬ್ಬ ತನ್ನೂರಿನ ಕ್ಲಬ್ಬಿನ ಚರಿತ್ರೆ ಹೇಳಿದ. ಬಂದರಿನ ರೈಲ್ವೆ ಕಾರ್ಮಿಕರು ಗೋಧಿ ವ್ಯಾಗನ್ನುಗಳ ಹಳೆಯ ಹಲಗೆ ತಂದು ತಾವೇ ಅಂಕಣ ಹಾಸಿದ್ದರಂತೆ. ತಂಡ ವೃತ್ತಿಪರ ಲೀಗಿಗೆ ಏರಿ, ಒಂದು ವರ್ಷ ದೇಶವನ್ನೇ ಗೆದ್ದಿತು. ಆಮೇಲೆ ಕಂಪನಿಯೊಂದು ಅದನ್ನು ಕೊಂಡು ರಾಜಧಾನಿಗೆ ಒಯ್ದಿತು. ಊರಿಗೆ ಬರೀ ಹಲಗೆ ಉಳಿದವು. ಹೇಳುತ್ತ ಮುದುಕ ಅತ್ತುಬಿಟ್ಟ.

ಕೆಲ ವರ್ಷಗಳ ನಂತರ ಕ್ಲಬ್ಬಿನ ಅಧ್ಯಕ್ಷ ಪಾಂಡುರಂಗ ಸಭೆ ಕರೆದ. ಗೆಲ್ಲುತ್ತ ಬಂದಿದ್ದ ಮಾಯಕ್ಕನ ಹುಡುಗಿಯರ ತಂಡವನ್ನು ಪುಣೆಯ ಕಂಪನಿಯೊಂದು ಕೊಳ್ಳಲು ಬಂದಿತ್ತು. ಮಾಯಕ್ಕ ಎದ್ದು ನಿಂತು ಆ ಬಂದರಿನ ಕಥೆ ಹೇಳಿದಳು.

“ಹೆಸರು ಅವರದು, ಆಟ ಅವರೂರಾಗ. ನಮಗೇನ ಉಳೀತೈತ್ರೀ?”

“ಅರ್ಜೆಂಟೀನಾ ಎಲ್ಲಿ, ಬೆಳಗಾವಿ ಎಲ್ಲಿ! ಕುಂದರ್ರಿ ಮಾಯಕ್ಕಾ,” ಎಂದ ಪಾಂಡುರಂಗ. ಎಲ್ಲರೂ ನಕ್ಕರು.

ಆಟಗಾರ್ತಿಯರ ಪರವಾಗಿ ಮತ ಹಾಕಬೇಕಾದವಳು ನಾಯಕಿ ಮನಿಷಾ. ಮಾಯಕ್ಕನ ಮನೆಯಲ್ಲೇ ಉಂಡು ಬೆಳೆದ ಹುಡುಗಿ. ಕಂಪನಿ ಅವಳಿಗೆ ಪುಣೆಯ ತಂಡದಲ್ಲಿ ಜಾಗ ಕೊಡುವುದಾಗಿ ಹೇಳಿತ್ತು. ನೆಲ ನೋಡುತ್ತಲೇ ಅವಳು ಮಾರಾಟದ ಪರ ಕೈ ಎತ್ತಿದಳು.

ತಂಡ ಹೋಯಿತು. ಆಡಲು ತಂಡವೇ ಇಲ್ಲದ ಮೇಲೆ ಚಿಕ್ಕ ಹುಡುಗಿಯರೂ ಬರುವುದನ್ನು ಬಿಟ್ಟರು. ಅಂಕಣದಲ್ಲಿ ಮದುವೆಗೆ ಬಂದವರ ಕಾರುಗಳು ನಿಲ್ಲತೊಡಗಿದವು. ಮಾಯಕ್ಕ ಖಾನಾಪುರದ ಶಾಲೆಯೊಂದರಲ್ಲಿ ಡ್ರಿಲ್ ಮಾಡಿಸುವ ಟೀಚರಾದಳು. ಅಲ್ಲಿ ಬ್ಯಾಸ್ಕೆಟ್‌ಬಾಲ್ ಕಂಬವೇ ಇರಲಿಲ್ಲ.

ಹೋದ ಮಳೆಗಾಲ ಮನಿಷಾ ಬಂದಳು. ಒಂದು ಸೀಸನ್ ಪೂರ್ತಿ ಬೆಂಚಿನ ಮೇಲೆ ಕೂರಿಸಿ ಕಂಪನಿ ಅವಳನ್ನು ಕೈಬಿಟ್ಟಿತ್ತು.

“ಅಕ್ಕಾ, ಇನ್ನೂ ಸಿಟ್ಟ ಐತೇನ್ರೀ?”

“ಐತಿ. ಚಾ ಕುಡದ ಹೋಗು.”

“ಎಲ್ಲ್ಯಾರ ಒಂದ ಟೀಮ್ ಇದ್ರ ಹೇಳ್ರೀ...”

“ಒಂದ ಇತ್ತು. ಅದನ್ನ ನೀನೂ ಅವರ ಜೋಡಿ ಕೂಡಿ ಮಾರಿದಿ.”

ಮನಿಷಾ ಚಹಾ ಮುಟ್ಟದೆ ಎದ್ದು ಹೋದಳು. ಹಾಗೆ ಅನ್ನಬಾರದಿತ್ತು ಎಂದು ಮಾಯಕ್ಕನಿಗೆ ಅನಿಸಲಿಲ್ಲ. ಅನಿಸಲಿಲ್ಲವಲ್ಲ ಎಂಬುದೇ ಆಮೇಲೆ ಅವಳನ್ನು ಕೊರೆಯಿತು.