ಒಣಗಲು ಮೂರು ದಿನ

ಬಾಯಮ್ಮನ ಬೆರಳ ಸಂದುಗಳು ಯಾವಾಗಲೂ ಬೆಳ್ಳಗೆ ಬಿರಿದಿರುತ್ತಿದ್ದವು. ನನ್ನವೂ ಹಾಗೇ. ನನ್ನವು ಸಿಮೆಂಟಿನಿಂದ, ಅವರವು ಫಿನಾಯಿಲ್ ಮತ್ತು ಸೋಪಿನ ನೀರಿನಿಂದ. ಕಾಪುವಿನಲ್ಲಿ ಅವರ ಮನೆಯ ಹಿಂಭಾಗವನ್ನು ಬಾಡಿಗೆಗೆ ಕೇಳಲು ಹೋದ ದಿನ ಅವರು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಕೈಯನ್ನು. "ತೆಂಗಿನೆಣ್ಣೆ ಹಚ್ಚಿ ಮೇಸ್ತ್ರಿ. ಇಲ್ಲದಿದ್ರೆ ಅನ್ನ ಕಲಸುವಾಗ ಉರೀತದೆ" ಎಂದರು.

ಕೊಂಕಣಿ ಮಾತಾಡುವ ಕ್ರೈಸ್ತ ಹೆಂಗಸರನ್ನು ಈ ಕಡೆಯವರು ಬಾಯಮ್ಮ ಎಂದು ಕರೆಯುತ್ತಾರೆಂದು ನನಗೆ ಆಗ ಗೊತ್ತಿರಲಿಲ್ಲ. "ಬಾಯಿ ಜೋರು ಅಂತ ಹಂಗ ಕರೀತಾರೇನ್ರಿ?" ಎಂದು ಕೇಳಿಬಿಟ್ಟೆ.

"ಹೌದು. ಕುಡಿದು ಬನ್ನಿ ಒಂದು ದಿನ. ಎಷ್ಟು ಜೋರು ಅಂತ ಆವಾಗ ಗೊತ್ತಾಗ್ತದೆ."

ನಾನು ಬಾಗಲಕೋಟೆ ಕಡೆಯವನು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟೆ. ಕಲ್ಲು ಹೊತ್ತೆ, ಗೌಂಡಿ ಕೆಲಸ ಕಲಿತೆ, ಮಣಿಪಾಲದ ಏಳಂತಸ್ತಿನ ಕಟ್ಟಡಕ್ಕೆ ಹೊರಗಿನಿಂದ ತೂಗಾಡಿಕೊಂಡು ಸಿಮೆಂಟು ಮೆತ್ತಿ ಗಿಲಾವು ಮಾಡಿದೆ. ನನ್ನ ಕೈಗೆ ಬಾರದ ಕೆಲಸವಿಲ್ಲ ಎನ್ನುವುದು ನನ್ನ ಸೊಕ್ಕು. ಅದನ್ನು ಯಾರೂ ನನಗೆ ಪುಕ್ಕಟೆ ಕೊಟ್ಟದ್ದಲ್ಲ, ದುಡಿದು ಗಳಿಸಿದ್ದು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ತೊಂಬತ್ತೆಂಟನೇ ಇಸವಿಯ ಸುಮಾರಿಗೆ ಊರಿನಲ್ಲಿದ್ದ ಅವ್ವನಿಗೆ ಲಕ್ವ ಹೊಡೆಯಿತು. ಬಲಗಡೆ ಬಿದ್ದುಹೋಯಿತು, ಮಾತು ನಿಂತಿತು. ತಂದು ಕಾಪುವಿನ ಆ ಹಿಂದಿನ ಕೋಣೆಯಲ್ಲಿ ಮಲಗಿಸಿದೆ.

ಬಾಯಮ್ಮ ಮದುವೆಯಾಗಿರಲಿಲ್ಲ. ಮೂವತ್ತು ವರ್ಷ ಉಡುಪಿಯ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದು ರಿಟೈರ್ ಆದವರು. ಅವ್ವನನ್ನು ತಂದ ಎರಡನೆಯ ದಿನ ಬಾಗಿಲಿಗೆ ಬಂದು ನಿಂತರು. "ಆಸ್ಪತ್ರೆ ಬಿಟ್ಟಾಯ್ತು ಮೇಸ್ತ್ರಿ, ಈ ಮೂಗು ಬಿಡುವುದಿಲ್ಲ. ಅಜ್ಜಿಯ ಬೆನ್ನಿನಲ್ಲಿ ಹುಣ್ಣು ಉಂಟು" ಎಂದು ಒಳಗೆ ಬಂದವರು ಮತ್ತೆ ಹೊರಗೆ ಹೋಗಲಿಲ್ಲ ಎಂದೇ ಹೇಳಬೇಕು. ನಾನು ಬೆಳಿಗ್ಗೆ ಬಸ್ಸು ಹತ್ತಿದರೆ ಅವ್ವ ಅವರ ಪಾಲು. ತೊಳೆಯುವುದು, ಹೊರಳಿಸುವುದು, ಗಂಜಿ ಕುಡಿಸುವುದು ಎಲ್ಲ. ನಾನು ಕೇಳಿಕೊಂಡದ್ದೂ ಇಲ್ಲ, ಉಪಕಾರವಾಯಿತು ಎಂದದ್ದೂ ಇಲ್ಲ. ಮನಸ್ಸಿನಲ್ಲಿ, ಅವರಿಗೂ ಹೊತ್ತು ಹೋಗಬೇಕಲ್ಲ ಎಂದುಕೊಳ್ಳುತ್ತಿದ್ದೆ.

ಎಂಟು ತಿಂಗಳಾದ ಮೇಲೆ ಒಂದು ಸಂಜೆ ಹೇಳಿದರು, "ಮೇಸ್ತ್ರಿ, ನಾಡಿದ್ದು ನಾನು ರೆತಿರ್‌ಗೆ ಹೋಗ್ಲಿಕ್ಕೆ ಉಂಟು."

ನನ್ನ ಕಿವಿಗೆ ರಿಟೈರ್ ಎಂದು ಬಿತ್ತು. ಆಸ್ಪತ್ರೆಯಿಂದ ಆದದ್ದು ಸಾಲದೆ ಈಗ ನಮ್ಮ ಅವ್ವನಿಂದಲೂ ರಿಟೈರ್! ಮೈಯೆಲ್ಲ ಉರಿಯಿತು. "ಹೋಗ್ರಿ. ನಿಮ್ಮಂಥಾವ್ರು ಹತ್ತು ಮಂದಿ ಸಿಗ್ತಾರ" ಎಂದೆ. ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಬಾಗಿಲು ಹಾಕಿಕೊಂಡೆ. ಮರುದಿನವೇ ಕೆಲಸದ ಶೆಡ್ಡಿನಿಂದ ನಮ್ಮೂರ ಕಡೆಯ ಹೆಂಗಸೊಬ್ಬಳನ್ನು ಕರೆತಂದು ಕೂರಿಸಿದೆ.

ಹೋದ ನಾಲ್ಕನೆಯ ದಿನ ಬಾಯಮ್ಮ ಕೈಚೀಲ ಹಿಡಿದು ನೇರ ಅವ್ವನ ಕೋಣೆಗೆ ಬಂದರು. "ರಿಟೈರ್ ಆದವರು ಮತ್ಯಾಕ ಬಂದ್ರಿ?" ಎಂದೆ.

ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಗೋಡೆ ಹಿಡಿದುಕೊಂಡು ನಕ್ಕರು. ರೆತಿರ್ ಎಂದರೆ ಧ್ಯಾನಕ್ಕೆ ಹೋಗುವುದಂತೆ. ಬೆಳ್ಮಣ್ ದಾಟಿ ಕಾರ್ಕಳದ ಕಡೆ ಒಂದು ಗುಡ್ಡದ ಮೇಲೆ, ರೋಗಿಗಳನ್ನು ನೋಡಿಕೊಳ್ಳುವವರಿಗಾಗಿಯೇ ವರ್ಷಕ್ಕೊಮ್ಮೆ ಮೂರು ದಿನ. ಅಲ್ಲಿ ಯಾರೂ ಮಾತಾಡುವಂತಿಲ್ಲ. ಪ್ರಾರ್ಥನೆ, ಊಟ, ನಿದ್ದೆ, ಅಷ್ಟೇ.

"ಮೌನ ಮಾಡಾಕ ನೀವೇನು ಸ್ವಾಮಿಗಳೇನ್ರಿ? ನಮ್ಮ ಕಡೆ ಮಠದಾಗ ಸ್ವಾಮಿಗಳು ಮಾಡ್ತಾರ ಅದನ್ನ. ದುಡಿಯೋ ಮಂದಿಗೆ ಯಾಕ ಬೇಕದು?"

"ದುಡಿಯುವವರಿಗೇ ಬೇಕು ಮಾರಾಯಾ. ವರ್ಷವಿಡೀ ನನ್ನನ್ನು ಅದ್ದಿ ಅದ್ದಿ ಹಿಂಡುವುದು ನೀವೆಲ್ಲ. ಬಟ್ಟೆಯಾದ್ರೂ ಒಣಗ್ಬೇಕಲ್ವಾ? ನನಗೆ ಒಣಗ್ಲಿಕ್ಕೆ ಮೂರು ದಿನ."

ಮುಂದಿನ ವರ್ಷ ನಾನು ಅಡ್ಡಿ ಮಾಡಲಿಲ್ಲ. ಅವರೇ ಪಕ್ಕದ ಮನೆಯಾಕೆಗೆ ಎಲ್ಲ ಹೇಳಿಕೊಟ್ಟು ಹೋದರು. ಎರಡನೆಯ ದಿನ ಆಕೆಯ ಮಗುವಿಗೆ ಜ್ವರ ಬಂದು, ನನಗೆ ಹೇಳಿಕಳಿಸಿ ಹೊರಟುಹೋದಳು. ಮಧ್ಯಾಹ್ನ ನಾನು ಬಂದಾಗ ಅವ್ವ ಹಾಸಿಗೆಯಲ್ಲೇ ಮಾಡಿಕೊಂಡು ಮಲಗಿದ್ದಳು. ನೊಣ ಕೂತಿದ್ದವು. ಅವಳ ಎಡಗೈ ಅವನ್ನು ಓಡಿಸಲು ಎದ್ದು ಎದ್ದು ಬೀಳುತ್ತಿತ್ತು.

ನಾನು ಪಾಯಖಾನೆಯ ಗುಂಡಿಗೆ ಇಳಿದು ಕೆಲಸ ಮಾಡಿದವನು. ಅವತ್ತು ಹೊಸ್ತಿಲು ದಾಟಲು ನನ್ನಿಂದ ಆಗಲಿಲ್ಲ. ಬಕೆಟ್ಟಿನಲ್ಲಿ ನೀರು ತುಂಬಿಸಿದೆ, ಇಟ್ಟೆ, ಮತ್ತೆ ಚೆಲ್ಲಿದೆ. ಕೊನೆಗೆ ಬಾಗಿಲು ಎಳೆದುಕೊಂಡು, ಆ ವರ್ಷ ಕೊಂಡಿದ್ದ ಹಳೇ ಮೊಪೆಡ್ ಹತ್ತಿದೆ. ಪಡುಬಿದ್ರಿಯಲ್ಲಿ ತಿರುಗಿ ಬೆಳ್ಮಣ್ ದಾಟಿ ಆ ಗುಡ್ಡ ಹತ್ತುವವರೆಗೆ, ಏನು ಸುಳ್ಳು ಹೇಳಬೇಕೆಂದು ಯೋಚಿಸುತ್ತಲೇ ಹೋದೆ.

ಗೇಟಿನಲ್ಲಿ ಒಬ್ಬ ಸಿಸ್ಟರ್ ಮೆಲ್ಲಗೆ ಹೇಳಿದರು, "ಅವರು ಮೌನದಲ್ಲಿದ್ದಾರೆ. ಎಂತ ವಿಷಯ? ಚೀಟಿ ಬರೆದು ಕೊಡಿ, ತಲುಪಿಸ್ತೇನೆ." ನಾಲ್ಕನೇ ಇಯತ್ತೆಗೆ ಅಕ್ಷರ ಬಿಟ್ಟ ನನಗೆ ಬರೆಯಲು ಹೇಳಿದ್ದೇ ಮೈಮೇಲೆ ಬಿಸಿನೀರು ಎರಚಿದಂತಾಯಿತು. ಅಲ್ಲೇ ನಿಂತು ಕೂಗಿದೆ. "ಬಾಯಮ್ಮಾ! ಅಲ್ಲಿ ನಮ್ಮವ್ವ ಸಾಯಾಕ ಹತ್ತ್ಯಾಳ, ನೀವಿಲ್ಲಿ ಬಾಯಿ ಮುಚ್ಕೊಂಡು ದೇವರಾಟ ಆಡಾಕ ಹತ್ತೀರಿ? ನಾಚಿಕಿ ಆಗೂದಿಲ್ಲೇನು?"

ಜಗಲಿಗೆ ಹೆಂಗಸರು ಬಂದರು. ಇಪ್ಪತ್ತು ಮೂವತ್ತು ಜನ. ನರ್ಸುಗಳು, ಆಯಾಗಳು, ಏಳಲಾರದ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದ ತಾಯಂದಿರು. ಎಲ್ಲರ ಕಣ್ಣಿನ ಕೆಳಗೂ ಕಪ್ಪು. ಒಬ್ಬರೂ ತುಟಿ ಬಿಚ್ಚಲಿಲ್ಲ. ಅವರ ನಡುವಿನಿಂದ ಬಾಯಮ್ಮ ಬರಿಗಾಲಲ್ಲಿ ಇಳಿದು ಬಂದು ಮೊಪೆಡ್ಡಿನ ಹಿಂದೆ ಕೂತರು. ಚೀಲ, ಚಪ್ಪಲಿ ಅಲ್ಲೇ ಉಳಿದವು. ದಾರಿಯುದ್ದಕ್ಕೂ ಬೆನ್ನ ಹಿಂದೆ ಅವರ ಪ್ರಾರ್ಥನೆಯ ಉಸಿರು ಮಾತ್ರ ಕೇಳುತ್ತಿತ್ತು. ಅವ್ವನ ಪ್ರಾಣಕ್ಕಾಗಿ ಬೇಡಿಕೊಳ್ಳುತ್ತಿದ್ದರು.

ಬಾಗಿಲು ತೆರೆದು ನೋಡಿದರು. ಅವ್ವ ಕಣ್ಣುಬಿಟ್ಟು ಸೂರು ನೋಡುತ್ತಿದ್ದಳು. ಸಾಯುವ ಲಕ್ಷಣ ಏನೂ ಇರಲಿಲ್ಲ. ಬಾಯಮ್ಮ ನನ್ನ ಕಡೆ ತಿರುಗಿದರು. ಬೈಗುಳಕ್ಕೆ ನಾನು ತಯಾರಾಗಿ ನಿಂತೆ.

ಬೈಯಲಿಲ್ಲ. ನೀರು ಬಿಸಿ ಮಾಡಿ ತಂದರು. ಅವ್ವನ ಮುಖವನ್ನು ಮೆಲ್ಲಗೆ ಗೋಡೆಯ ಕಡೆ ಹೊರಳಿಸಿದರು, ಮಗ ತೊಳೆಯುವುದನ್ನು ಅವಳು ನೋಡಬಾರದೆಂದು. ಒದ್ದೆ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು, ಮಣಿಕಟ್ಟು ಹಿಡಿದು, ನನ್ನ ಕೈಯಿಂದಲೇ ಒರೆಸಿದರು. ಎಲ್ಲಿ ಮೊದಲು, ಎಲ್ಲಿ ಆಮೇಲೆ, ಎಷ್ಟು ಒತ್ತಬೇಕು ಎಲ್ಲವನ್ನೂ ಆ ಬಿರಿದ ಬೆರಳುಗಳೇ ಹೇಳಿದವು.

ಉಳಿದ ದಿನವನ್ನು, ಮರುದಿನವನ್ನು ಅವರು ನಮ್ಮ ಜಗಲಿಯಲ್ಲೇ ಕಳೆದರು. ಕೈಯಲ್ಲಿ ಜಪಮಾಲೆ. ಹೊತ್ತಾದಾಗ ಒಳಗೆ ಬಂದು ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ಹೋಗುತ್ತಿದ್ದರು. ಕೊನೆಗೆ ತಡೆಯಲಾರದೆ ಕೂಗಿದೆ, "ಒಮ್ಮೆ ಬೈದುಬಿಡ್ರಿ, ಬಾಯಮ್ಮಾ!" ಅವರು ತುಟಿಯ ಮೇಲೆ ಬೆರಳಿಟ್ಟರು.

ಮೂರನೆಯ ದಿನ ಮುಗಿದ ಮೇಲೆ ಆಡಿದ ಮೊದಲ ಮಾತು ಇಷ್ಟೇ. "ನೀರು ಇಷ್ಟು ಬಿಸಿ ಬೇಡ ಮೇಸ್ತ್ರಿ. ಪ್ರಾಯ ಆದ ಅಜ್ಜಿಯರ ಚರ್ಮ ಅಂದ್ರೆ ನೀರುಳ್ಳಿ ಸಿಪ್ಪೆ." ಸುಳ್ಳಿನ ಸುದ್ದಿ ಎತ್ತಲಿಲ್ಲ. ಎತ್ತಿದ್ದರೆ ನಾನು ಜಗಳ ಮಾಡಿ ಹಗುರಾಗುತ್ತಿದ್ದೆ.

ಆ ಮೇಲಿನ ವರ್ಷ ಅವ್ವನನ್ನು ನಾನೇ ನೋಡಿಕೊಳ್ಳುತ್ತೇನೆ ಎಂದಿದ್ದೆ. ಸರಿಯಾಗಿ ಅದೇ ವಾರ ಮಣಿಪಾಲದಲ್ಲಿ ಸ್ಲ್ಯಾಬ್ ಹಾಕುವುದು ಬಂತು. "ಮುಂದಿನ ವರ್ಷ ಹೋಗ್ರಿ" ಎಂದೆ. ಅದರ ಮುಂದಿನ ವರ್ಷ ಅವರು ಕೇಳಲಿಲ್ಲ. ನಾನೂ ನೆನಪಿಸಲಿಲ್ಲ. ನೆನಪಿರಲಿಲ್ಲ ಎಂದು ಈಗ ಹೇಳಿದರೆ ಅದು ಎರಡನೆಯ ಸುಳ್ಳು.

ಅವ್ವ ಹೋದಳು. ತಿಂಗಳು ಕಳೆದ ಮೇಲೆ ದೊಡ್ಡ ಮನಸ್ಸು ಮಾಡಿದವನ ಹಾಗೆ ಹೇಳಿದೆ, "ಈಗ ಹೋಗ್ರಿ, ನಿಮ್ಮ ರೆತಿರ್‌ಗೆ."

"ಈಗ ಎಂತಕ್ಕೆ?" ಎಂದು ನಕ್ಕರು. "ಒದ್ದೆಯಾದದ್ದನ್ನು ಒಣಗಿಸ್ಬಹುದು ಮೇಸ್ತ್ರಿ. ಹರಿದದ್ದನ್ನು ಅಲ್ಲ."

ವರ್ಷ ತುಂಬುವುದರೊಳಗೆ ಅವರೇ ಹಾಸಿಗೆ ಹಿಡಿದರು. ಆಸ್ಪತ್ರೆಯ ಹೆಂಗಸರ ವಾರ್ಡು. ಗಂಡಸರು ಒಳಗೆ ನಿಲ್ಲುವಂತಿಲ್ಲ. ನೋಡಿಕೊಳ್ಳಲು ಒಬ್ಬಾಕೆಯನ್ನು ಗೊತ್ತುಮಾಡಿದ್ದೆ. ಪರದೆಯ ಆಚೆಯಿಂದ ಅವಳ ಗದರು ಕೇಳುತ್ತಿತ್ತು. "ಎಷ್ಟು ಸಲ ಮಾರಾಯ್ತಿ? ಈಗಷ್ಟೇ ಬದಲಿಸಿದ್ದು ಅಲ್ವಾ?" ಬಾಯಮ್ಮನ ದನಿ ಒಮ್ಮೆಯೂ ಕೇಳಲಿಲ್ಲ. ನೀರು ಎಷ್ಟು ಬಿಸಿ ಇರಬೇಕು, ಮುಖ ಯಾವ ಕಡೆ ಹೊರಳಿಸಬೇಕು, ಎಲ್ಲ ನನ್ನ ಕೈಗೆ ಗೊತ್ತಿತ್ತು. ಆ ಕೈ ಕಟ್ಟಿಕೊಂಡು ಹೊರಗಿನ ಬೆಂಚಿನಲ್ಲಿ ನಾಲ್ಕು ದಿನ ಕೂತಿದ್ದೆ. ಐದನೆಯ ದಿನ ಕೂರುವ ಕೆಲಸವೂ ಮುಗಿಯಿತು.

ಗಲ್ಫಿನಿಂದ ಬಂದ ಅವರ ಅಣ್ಣನ ಮಗ ಗೋರಿ ಕಟ್ಟುವ ಕೆಲಸವನ್ನು ನನಗೇ ಕೊಟ್ಟ. ಮೂರು ದಿನದ ಕೆಲಸ. ಮೂರು ದಿನವೂ ಮಾತಾಡಬಾರದೆಂದು ಯಾರಿಗೂ ಹೇಳದೆ ನಿಶ್ಚಯ ಮಾಡಿದೆ. ಮೊದಲ ದಿನ ನನ್ನ ಇಬ್ಬರು ಆಳುಗಳು ಹೆದರಿದರು. ಎರಡನೆಯ ದಿನ ಧೈರ್ಯ ಬಂತು. "ಮೇಸ್ತ್ರಿಗೆ ಹಲ್ಲುಬ್ಯಾನಿ ಇರಬೇಕಲೇ." "ಹಲ್ಲಲ್ಲೋ, ಎರಡನೇ ಲಗ್ನದ ಚಿಂತಿ." ನಾನು ತುಟಿ ಕಚ್ಚಿಕೊಂಡು ಕಲ್ಲು ಕೂರಿಸಿದೆ.

ಮೂರನೆಯ ಬೆಳಿಗ್ಗೆ ಒಬ್ಬ ಗಾರೆಯನ್ನು ತೀರ ನೀರಾಗಿ ಕಲಸಿ ತಂದ. ಕರಣೆಯಿಂದ ಎತ್ತಿದರೆ ಗೋರಿಯ ಮೇಲೆಲ್ಲ ಹರಿಯಿತು. ನನ್ನ ಬಾಯಿಂದ ಬೈಗುಳ ಬಿತ್ತು, ಅವನ ಅವ್ವನನ್ನು ಎಳೆದು ತರುವ ಬೈಗುಳ. ಸುತ್ತ ಶಿಲುಬೆಗಳು. ಅವನಿಗೆ ಬೇಜಾರಾಗಲಿಲ್ಲ. ಹಲ್ಲು ಬಿಟ್ಟು ಇನ್ನೊಬ್ಬನಿಗೆ, "ಅಂತೂ ಬಾಯಿ ಬಂತಲೇ ಮೇಸ್ತ್ರಿಗೆ!" ಎಂದ.

ಸಂಜೆಯೊಳಗೆ ಗಿಲಾವು ಮುಗಿಸಿದೆ. ಹೊಸ ಗಿಲಾವನ್ನು ಒಣಗಲು ಬಿಡಬಾರದು, ಬಿರಿಯುತ್ತದೆ. ಏಳು ದಿನ ನೀರು ಹೊಡೆಯಬೇಕು. ಅದು ನಮ್ಮ ಕಸುಬಿನ ನಿಯಮ. ಗೋಣಿಗಳನ್ನು ಅದ್ದಿ ಹೊದಿಸಿದೆ. ದಿನಾ ಎರಡು ಹೊತ್ತು ಹೋಗಿ ಕೊಡಗಟ್ಟಲೆ ನೀರು ಸುರಿದೆ. ಒಣಗಲು ಮೂರು ದಿನ ಕೇಳಿದವರನ್ನು ಸತ್ತ ಮೇಲೂ ಏಳು ದಿನ ನಾನು ಒದ್ದೆಯಲ್ಲೇ ಇಟ್ಟೆ.